ಇಸ್ತ್ರಿ ಅಂಗಡಿಯ ಸೊಸೆಯ ಹೊಟ್ಟೆನೋವು

ಇಸ್ತ್ರಿ ಅಂಗಡಿಯ ಬಾಗಿಲು ಅರ್ಧ ಮುಚ್ಚಿತೆಂದರೆ, ಸೊಸೆಗೆ ಮತ್ತೆ ಮುಟ್ಟಿನ ನೋವು ಬಂದಿದೆ ಎಂದು ಬೀದಿಗೆಲ್ಲ ತಿಳಿಯುತ್ತಿತ್ತು. ಅಂಥಿಂಥ ನೋವಲ್ಲ. ನಿಂತರೆ ಕಣ್ಣು ಕತ್ತಲೆ, ಕೂತರೆ ಸೊಂಟ ಕಳಚಿಬಿದ್ದಂತೆ. ಮೇಜಿನ ಮೇಲೆ ಬಟ್ಟೆ ಗುಡ್ಡೆ ಬಿದ್ದಿರುತ್ತಿತ್ತು. ಅವಳು ಮೇಜಿನ ಕೆಳಗೆ, ಇಸ್ತ್ರಿ ಪೆಟ್ಟಿಗೆಯಿಂದ ಬಿಸಿ ಮಾಡಿದ ದಪ್ಪ ಬಟ್ಟೆಯನ್ನು ಹೊಟ್ಟೆಗೆ ಒತ್ತಿಕೊಂಡು ಮುದುಡಿರುತ್ತಿದ್ದಳು. ಮದುವೆಯಾಗಿ ವರ್ಷಗಳೇ ಕಳೆದರೂ ಮಡಿಲು ತುಂಬಿರಲಿಲ್ಲ.

ಅತ್ತೆ ಕೆಟ್ಟವರೇನಲ್ಲ. ಬಿಸಿನೀರು ಕೊಡುತ್ತಿದ್ದರು, ಕಾಲು ಒತ್ತುತ್ತಿದ್ದರು. ಆಸ್ಪತ್ರೆ ಎಂದರೆ ಮಾತ್ರ ಬೇಡವೆಂದು ತಲೆಯಾಡಿಸಿಬಿಡುತ್ತಿದ್ದರು. ಒಂದು ಮಗುವಾದರೆ ಎಲ್ಲ ತಾನಾಗಿ ಸರಿಹೋಗುತ್ತದೆ ಎಂಬುದು ಅವರ ನಂಬಿಕೆ.

ಒಂದು ಮಧ್ಯಾಹ್ನ ಪಕ್ಕದ ಬೀದಿಯ ನರ್ಸಕ್ಕ ತಮ್ಮ ಸಮವಸ್ತ್ರ ಒಯ್ಯಲು ಬಂದರು. ಮೇಜಿನ ಕೆಳಗೆ ಇಣುಕಿದವರು ಅಲ್ಲೇ ನೆಲದ ಮೇಲೆ ಕೂತುಬಿಟ್ಟರು. ಎಂದಿನಿಂದ ಹೀಗೆ, ಉಳಿದ ದಿನಗಳಲ್ಲೂ ನೋವಿದೆಯೇ, ಗಂಡನ ಜೊತೆ ಸೇರುವಾಗ ನೋಯುತ್ತದೆಯೇ ಎಂದು ಮೆಲ್ಲಗೆ ಕೇಳಿದರು. ಕೊನೆಯ ಪ್ರಶ್ನೆಗೆ ಸೊಸೆ ಮುಖ ತಿರುಗಿಸಿ ಹೂಂ ಅಂದಳು. ಅದನ್ನು ಅವಳು ಯಾರಿಗೂ ಹೇಳಿರಲಿಲ್ಲ.

"ಒಂದಿಷ್ಟು ನೋವು ಸಾಮಾನ್ಯ ಇರುತ್ತಮ್ಮಾ," ಎಂದರು ನರ್ಸಕ್ಕ, ಅತ್ತೆಯ ಕಡೆ ತಿರುಗಿ. "ಆದ್ರೆ ಕೆಲಸ ಬಿಡಿಸಿ ನೆಲ ಹಿಡಿಸೋ ನೋವು ಸಹಜ ಅಲ್ಲ. ಡಾಕ್ಟರಿಗೆ ತೋರಿಸ್ಲೇಬೇಕು."

"ನಾನೂ ಹೀಗೇ ಒದ್ದಾಡಿದೀನಿ. ನನ್ನನ್ನ ಯಾರು ಕರ್ಕೊಂಡು ಹೋದ್ರು?"

"ಯಾರಾದ್ರೂ ಕರೆದಿದ್ರೆ ಬೇಡ ಅಂತಿದ್ರಾ?"

ಮರುದಿನ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಚಪ್ಪಲಿ ಮೆಟ್ಟಿ ಆಸ್ಪತ್ರೆಗೆ ಹೊರಟು ನಿಂತವರು ಅತ್ತೆಯೇ.

ಸ್ಕ್ಯಾನ್ ನೋಡಿದ ಡಾಕ್ಟರು ಬಿಡಿಸಿ ಹೇಳಿದರು. ಗರ್ಭಕೋಶದ ಒಳಪದರದಂಥದ್ದೇ ಪದರ ಹೊರಗೂ ಬೆಳೆದಿದೆ. ಇದಕ್ಕೆ ಎಂಡೊಮೆಟ್ರಿಯೋಸಿಸ್ ಎನ್ನುತ್ತಾರೆ. ಪೂರ್ತಿ ಹೋಗಿಬಿಡುವ ಕಾಯಿಲೆಯಲ್ಲ, ಮಗುವಾದರೆ ವಾಸಿಯಾಗುತ್ತದೆ ಎನ್ನುವುದೂ ನಿಜವಲ್ಲ. ಆದರೆ ಔಷಧಿಯಿಂದ, ಬೇಕಾದರೆ ಶಸ್ತ್ರಚಿಕಿತ್ಸೆಯಿಂದ ಹತೋಟಿಯಲ್ಲಿಡಬಹುದು. ಬಸಿರಾಗುವುದು ಕಷ್ಟವಾಗಬಹುದು, ಆಗುವುದೇ ಇಲ್ಲ ಎಂದಲ್ಲ. ಗಂಡನನ್ನೂ ಪರೀಕ್ಷಿಸಬೇಕು.

ತನಗೇನಾಗಿದೆ ಎಂದು ಜೊತೆಗೆ ಬಂದಿದ್ದ ಗಂಡ ಗೊಣಗಿದ.

"ಕಾಲರ್ ಒಂದಕ್ಕೇ ಇಸ್ತ್ರಿ ಹಾಕಿ ಅಂಗಿ ಕೊಡ್ತೀಯೇನೋ? ಹೋಗು ಒಳಗೆ," ಎಂದರು ಅವನಮ್ಮ. ಹೋದ. ಪರೀಕ್ಷೆಯಲ್ಲಿ ಅವನಲ್ಲೂ ಸಣ್ಣ ಕೊರತೆ ಕಂಡು ಡಾಕ್ಟರು ಒಂದಿಷ್ಟು ಔಷಧಿ ಬರೆದರು.

ಸೊಸೆಗೆ ಕೊಡುವ ಮಾತ್ರೆ ನೋವನ್ನು ತಗ್ಗಿಸುತ್ತದೆ, ಆದರೆ ಅದನ್ನು ತೆಗೆದುಕೊಳ್ಳುತ್ತಿರುವಷ್ಟು ಕಾಲ ಬಸಿರು ನಿಲ್ಲದು. ಯಾವುದು ಮೊದಲು ಎಂದು ಡಾಕ್ಟರು ಕೇಳಿದಾಗ ಅವಳು ಗಂಡನ ಮುಖ ನೋಡಿದಳು. "ಮೊದಲು ನೀನು ಎದ್ದು ಓಡಾಡು," ಎಂದ ಅವನು. ಅವಳ ಕಣ್ಣು ತುಂಬಿತು.

ಕೆಲವು ತಿಂಗಳ ಮಾತ್ರೆಯಿಂದ ನೋವು ಹಿಡಿತಕ್ಕೆ ಬಂದಿದೆ. ಈಗ ಅವಳು ಊಟ ಮಾಡುತ್ತಾಳೆ, ನಗುತ್ತಾಳೆ, ಗಿರಾಕಿಗಳ ಜೊತೆ ಹರಟುತ್ತಾಳೆ. ಮಗುವಿನ ಯೋಚನೆ ಮುಂದಿದೆ, ಆಗಲೂಬಹುದು, ಆಗದಿರಲೂಬಹುದು. ಮೊನ್ನೆ ಎದುರುಮನೆಯಾಕೆ ಸೊಸೆಯದೇನಾದರೂ ವಿಶೇಷವೇ ಎಂದು ರಾಗ ಎಳೆದಳು.

"ಇದೆಯಲ್ಲ," ಎಂದರು ಅತ್ತೆ. "ಈ ತಿಂಗಳು ನನ್ನ ಸೊಸೆ ಒಂದು ದಿನಾನೂ ನರಳಲಿಲ್ಲ."

ಅಕ್ಕತಂಗಿಯರೇ, ನಿಮ್ಮ ಮನೆಯಲ್ಲೂ ಯಾರಾದರೂ ಹೀಗೆ ಹಲ್ಲುಕಚ್ಚಿ ಮಲಗಿದ್ದಾರೆಯೇ? ಸಹಿಸಿಕೋ ಎನ್ನಬೇಡಿ. ಆಸ್ಪತ್ರೆಗೆ ಕರೆದೊಯ್ಯಿರಿ. ಮಕ್ಕಳಾಗದಿದ್ದರೆ ಹೆಣ್ಣನ್ನು ದೂರಬೇಡಿ, ಗಂಡ ಹೆಂಡತಿ ಇಬ್ಬರೂ ಪರೀಕ್ಷೆ ಮಾಡಿಸಿಕೊಳ್ಳಲಿ.