ಗೇಟಿಲ್ಲದ ನೀರು

ಒಂದು ನಿಮಿಷ ಇರಿ, ಇದನ್ನು ಪೂರ್ತಿ ಕೇಳಿ. ನಡುವೆ ಎದ್ದು ಹೋದರೆ ನಿಮ್ಮ ಲೆಕ್ಕದಲ್ಲಿ ನಾನು ಕೆಟ್ಟವಳಾಗಿಯೇ ಉಳಿದುಬಿಡುತ್ತೇನೆ.

ನನ್ನ ತಾತ ಅಮರಗುಂಡಪ್ಪ ಸಾಲಗುಂದದ ಹತ್ತಿರ ಮೂವತ್ತಾರು ವರ್ಷ ಕಾಲುವೆಯ ಗೇಟು ಕಾದವನು. ಗೋಡೆಯ ಮೇಲಿನ ಹಸಿ ಗೆರೆ ನೋಡಿಯೇ ನೀರು ಎಷ್ಟು ಏರುತ್ತದೆ, ಯಾವಾಗ ನಿಲ್ಲುತ್ತದೆ ಎಂದು ಹೇಳುತ್ತಿದ್ದ. ಅವನಿಗಿದ್ದದ್ದು ಒಂದೇ ಆಸೆ. "ರಂಜೂ, ಗೇಟಿಲ್ಲದ ನೀರು ಒಮ್ಮಿ ನೋಡಬೇಕು ಬೇ."

ನನಗೆ ಸಿಂಧನೂರಿನ ಶಾಲೆಯೊಂದರಲ್ಲಿ ಟೀಚರ್ ಕೆಲಸ ಸಿಕ್ಕಿದ್ದೇ ತಡ, ಸಮುದ್ರದ ದಂಡೆಯ ಏಳು ಮಹಡಿಯ ಹೋಟೆಲಿನಲ್ಲಿ ರೂಮು ಬುಕ್ ಮಾಡಿದೆ. ಐನೂರಾ ಏಳು. ಬಾಲ್ಕನಿ, ಗಾಜಿನ ಲಿಫ್ಟು, ಎಲ್ಲಾ! ತಾತ ಆ ಲಿಫ್ಟಿನಲ್ಲಿ ನನ್ನ ಕೈ ಹಿಡಿದವನು ಬಿಡಲೇ ಇಲ್ಲ. ಬಾಲ್ಕನಿಯಿಂದ ಕೆಳಗೆ ಇಣುಕಿದವನೇ ಹಿಂದೆ ಸರಿದ. "ನೀರು ನೋಡಾಕ ಬಂದು ಗಾಳ್ಯಾಗ ಜೋತಾಡ್ಲೇನು? ನಡಿ, ಇಳಿ."

ಬರುವಾಗ ಲಿಂಗಸುಗೂರಿನಲ್ಲಿ ಬಸ್ಸು ಹತ್ತಿದ್ದ ಮುದಗಲ್ಲಿನ ಹೆಂಗಸೊಬ್ಬಳು, ತನ್ನ ತಂಗಿ ಮೀರಾಬಿ ಅಲ್ಲೇ ಹಳೇ ಲಾಡ್ಜು ನಡೆಸುತ್ತಾಳೆ ಎಂದಿದ್ದಳು. ಹುಡುಕಿಕೊಂಡು ಹೋದೆವು. ಹಂಚಿನ ಸೂರು, ಆರು ರೂಮು, ಉಪ್ಪುಗಾಳಿಗೆ ತುಕ್ಕು ಹಿಡಿದ ಕಿಟಕಿ ಸರಳು. ಹೊಸ್ತಿಲು ದಾಟಿದರೆ ಮರಳು. ನಮ್ಮ ಮಾತು ಕೇಳಿದ ಮೀರಾಬಿಯ ಕಣ್ಣಲ್ಲಿ ನೀರು. "ಯಾ ಅಲ್ಲಾ, ನಮ್ಮ ಕಡಿ ಮಂದಿ! ಮೀನಿನ ವಾಸನಿ ಬಂದ್ರ ಬೈಬ್ಯಾಡ್ರಿ ಕಾಕಾರ."

"ನಾ ಬೈಯೋದು ಕದ್ದು ಗೇಟು ಎತ್ತೋರಿಗಷ್ಟ, ತಂಗಿ," ಎಂದ ತಾತ. ಆ ರಾತ್ರಿಯಂತೆ ಅವನು ಅಷ್ಟು ಸುಖವಾಗಿ ನಿದ್ದೆ ಮಾಡಿದ್ದನ್ನು ನಾನು ನೋಡಿರಲಿಲ್ಲ.

ಬೆಳಗ್ಗೆ ಎದ್ದರೆ ನೀರು ಎಲ್ಲೋ ದೂರ! ಸಂಜೆ ಅಲೆಯ ನಡುವೆ ಇದ್ದ ದೊಡ್ಡ ಬಂಡೆ ಈಗ ಮರಳಿನಲ್ಲಿ ನಿಂತಿತ್ತು. ಮೀರಾಬಿ ಅವಸರದಲ್ಲಿ ಸಂತೆಗೆ ಹೊರಟವಳು, "ಆ ಕಲ್ಲಿನ ಮ್ಯಾಲೆ ಕುಂದರ್ರಿ, ಚಂದ ಕಾಣತೈತಿ," ಎಂದು ಹೋದಳು. ತಾತ ಕೋಲೂರಿಕೊಂಡು ನಡೆದು, ಹತ್ತಿ ಕೂತ.

"ಮ್ಯಾಲೆ ಬಂದ್ ಮಾಡ್ಯಾರ. ಇನ್ನ ಎರಡು ದಿನ ನೀರು ಬರಂಗಿಲ್ಲ ತಗಾ."

ನಾನು ನಕ್ಕೆ. ಮಕ್ಕಳಿಗೆ ಉಬ್ಬರವಿಳಿತದ ಪಾಠ ಮಾಡಿದವಳೇ ನಾನು. ಆದರೂ ಆ ಬರಿ ಮರಳು ಕಂಡಾಗ ನನ್ನ ತಲೆಯಲ್ಲೂ ಇದ್ದದ್ದು ನೀರಿನ ಸರದಿ ಮುಗಿದು ಬತ್ತಿದ ಕಾಲುವೆಯೇ. ಬಟ್ಟೆ ಒಗೆಯಲು ಒಳಗೆ ಹೋದೆ.

ಹೊರಗೆ ಬಂದಾಗ ಬಂಡೆಯ ಸುತ್ತ ಮೊಣಕಾಲುದ್ದ ನೀರು.

"ತಾತಾ, ಇಳಿದು ಬಾ!"

ಅವನು ಕೋಲಿನಿಂದ ಬಂಡೆಯ ಮೇಲೆ ಒಂದು ಗೆರೆ ತೋರಿಸಿದ. "ಹಸಿ ಗೆರಿ ಇಲ್ಲಿತನ ಐತಿ. ಇದನ್ನ ದಾಟಂಗಿಲ್ಲ. ಹುಚ್ಚಿ, ಯಾಕ ಒದರ್ತಿ?"

ಅವನು ಆ ಗೆರೆಯನ್ನು ನಂಬಿ ಕೂತ. ನಾನು ಅವನನ್ನು ನಂಬಿ ಇನ್ನೂ ಸ್ವಲ್ಪ ಹೊತ್ತು ನಿಂತೆ. ನೀರು ಗೆರೆಯನ್ನು ನುಂಗಿತು.

ನೀರಿಗೆ ನುಗ್ಗಿದೆ. ಕಾಲುವೆಯಲ್ಲಿ ಈಜಿದವಳು ನಾನು. ಕಾಲುವೆ ಒಂದೇ ಕಡೆಗೆ ನೂಕುತ್ತದೆ. ಇದು ನೂಕಿತು, ಎಳೆಯಿತು, ಮರಳಿಗೆ ಬಡಿಯಿತು. ಮತ್ತೆ ಹೋದೆ, ಮತ್ತೆ ಬಡಿಯಿತು. ಮೂವತ್ತಾರು ವರ್ಷ ನೀರಿನ ದಂಡೆಯಲ್ಲಿ ಬದುಕಿದ ತಾತನಿಗೆ ಈಜು ಬರುತ್ತಿರಲಿಲ್ಲ. ಮೀರಾಬಿ ಫೋನ್ ಎತ್ತಲಿಲ್ಲ. ಬೇರೆ ರೂಮುಗಳಿಗೆ ಬೀಗ. ದಂಡೆಯಲ್ಲಿ ಒಂದು ನಾಯಿ, ಅಷ್ಟೇ.

ದಂಡೆಯ ತಿರುವಿನ ಆಚೆ ಆ ಏಳು ಮಹಡಿ ಕಾಣುತ್ತಿತ್ತು. ಅಲ್ಲಿ ಕೆಂಪು ಬಾವುಟ, ಹಳದಿ ಅಂಗಿಯ ಕಾವಲಿನವರು, ದೋಣಿ. ಆ ತಿರುವು ದಾಟಿದರೆ ತಾತನಿಗೆ ನಾನು ಕಾಣುವುದಿಲ್ಲ, ನನಗೆ ತಾತ ಕಾಣುವುದಿಲ್ಲ.

ನಾನು ಅತ್ತ ನೋಡಿದ್ದು ಅವನಿಗೆ ತಿಳಿಯಿತು.

"ರಂಜೂ, ಬಿಟ್ಟು ಹೋಗಬ್ಯಾಡ ಬೇ! ನನ್ನ ಕಣ್ಣ ಮುಂದ ಇರು!"

ನಾನು ಬೆನ್ನು ತಿರುಗಿಸಿ ಓಡಿದೆ. ಅವನು ನನ್ನ ಹೆಸರು ಕೂಗುತ್ತಲೇ ಇದ್ದ, ತಿರುವಿನ ತನಕ ಕೇಳಿಸಿತು.

ಹೋಟೆಲಿನ ಹಿಂದಿನ ಗೇಟು ಹಾಕಿತ್ತು. ಕಾವಲುಗಾರ ನನ್ನ ಒದ್ದೆ ಬಟ್ಟೆ ನೋಡಿ, "ರೂಮ್ ನಂಬರ್?" ಎಂದ. "ಐನೂರಾ ಏಳು!" ಎಂದು ಚೀರಿದೆ. ನಾವು ಬಿಟ್ಟುಬಂದ ರೂಮು. ಗೇಟು ತೆರೆಯಿತು.

ದೋಣಿಯಲ್ಲಿ ನಾವು ಮುಟ್ಟಿದಾಗ ನೀರು ತಾತನ ಎದೆ ದಾಟಿತ್ತು. ತಲೆಯ ರುಮಾಲು ಬಿಚ್ಚಿ ತನ್ನನ್ನು ಬಂಡೆಯ ಮೊನೆಗೆ ಕಟ್ಟಿಕೊಂಡಿದ್ದ. ಕಣ್ಣು ಮುಚ್ಚಿದ್ದವು. ಕೋಲು ಇರಲಿಲ್ಲ.

ಬದುಕಿದ. ಆಸ್ಪತ್ರೆಯಲ್ಲಿ ನಾಲ್ಕು ದಿನ, ಆಮೇಲೆ ಬಸ್ಸು. ಮಸ್ಕಿ ಬಸ್‌ಸ್ಟ್ಯಾಂಡಿನಲ್ಲಿ ಚಹಾ ಹಿಡಿದುಕೊಂಡು ಹೋದಾಗ ಕಿಟಕಿಯ ಕಡೆಗೇ ಮುಖ ಮಾಡಿ ಹೇಳಿದ: "ಒಮ್ಮಿ ಹೊಳ್ಳಿ ನೋಡಿದ್ದರ ಸಾಕಿತ್ತು."

ಚಹಾ ಮುಟ್ಟಲಿಲ್ಲ. ಇಪ್ಪತ್ತು ದಿನವಾಯಿತು. ನಾನು ಕೊಟ್ಟ ನೀರನ್ನೂ ಕುಡಿಯುವುದಿಲ್ಲ, ಪಕ್ಕದ ಮನೆಯ ಅಂಬಮ್ಮಜ್ಜಿಯನ್ನು ಕೂಗುತ್ತಾನೆ. ಹೊಳ್ಳಿ ನೋಡಿದ್ದರೆ ನನ್ನ ಕಾಲು ಅಲ್ಲೇ ನಿಂತುಬಿಡುತ್ತಿದ್ದವು ತಾತ, ಅಂತ ಹೇಳಲು ಹೋದರೆ ಗೋಡೆಯ ಕಡೆ ಹೊರಳುತ್ತಾನೆ.

ಅವನು ಕೂಗುತ್ತಿದ್ದ, ನೀರು ಏರುತ್ತಿತ್ತು. ನೀವಾಗಿದ್ದರೆ ಏನು ಮಾಡುತ್ತಿದ್ದಿರಿ, ಹೊಳ್ಳಿ ನೋಡುತ್ತಿದ್ದಿರಾ?