ಟಕಟಕನ ಕಾಲಿನ ಜಾಡು

"ಬಿಚ್ಚೋ ಕಾಲು, ಬೋಳಿಮಗನೆ," ಅಂದ ಸಾಮಿಲ್ಲಿನ ಧಣಿ, ಆಫೀಸಿನ ಕುರ್ಚಿಯಲ್ಲಿ ಕೂತೇ.

ಬೈಸಿಕೊಂಡವನು ನನ್ನಣ್ಣ. ಗರಗಸ ಅವನ ಎಡಗಾಲನ್ನು ಮೊಣಕಾಲಿನವರೆಗೆ ತಿಂದ ಮೇಲೆ, ಮೂಲೆಗೆ ಬಿದ್ದಿದ್ದ ತುಂಡು ಮರ ಕೆತ್ತಿ ತಾನೇ ಮಾಡಿಕೊಂಡ ಕಾಲು ಅದು. ನಡೆದರೆ ಟಕಟಕ ಅನ್ನುತ್ತದೆ, ಹಾಗಾಗಿ ಅವನ ಹೆಸರೂ ಟಕಟಕ.

ತಕರಾರು ತಂದವನು ಮರದ ಇನ್‌ಸ್ಪೆಕ್ಟರು. ಯಾವ ಮರ ಎಲ್ಲಿಂದ ಬಂತು, ಹಲಗೆಯಾಗಿ ಯಾರ ಮನೆ ಸೇರಿತು, ಹೊಟ್ಟು ಎಲ್ಲಿಗೆ ಹೋಯಿತು, ಎಲ್ಲದರ ಜಾಡು ಹಿಡಿಯುವುದೇ ಅವನ ಕಸುಬು. ಗೇಟು ದಾಟುವ ಪ್ರತಿ ತುಂಡಿಗೂ ತಗಡಿನ ಬಿಲ್ಲೆ ಹೊಡೆಯಬೇಕು ಅಂತ ಅಪ್ಪಣೆ ಮಾಡಿದ್ದ. ನಮ್ಮ ಗೇಟಿನವನೋ, ಹೇಳಿದ್ದಕ್ಕಿಂತ ಒಂದು ಗುಲಗಂಜಿ ಹೆಚ್ಚಿಲ್ಲ, ಕಮ್ಮಿಯಿಲ್ಲ. ದಿನಾ ಸಂಜೆ ಅಣ್ಣ ಮನೆಗೆ ಹೊರಟಾಗ ಅವನ ಕಾಲಿಗೂ ಒಂದು ಬಿಲ್ಲೆ ಹೊಡೆದು ಕಳಿಸುತ್ತಿದ್ದ. ಬೆಳಿಗ್ಗೆ ಅದೇ ಕಾಲು ಒಳಗೆ ಬಂದಾಗ ಬಿಲ್ಲೆ ಕೀಳು ಅಂತ ಯಾರೂ ಹೇಳಿರಲಿಲ್ಲ, ಅವನು ಕೀಳಲೂ ಇಲ್ಲ. ಟಕಟಕ ಹೋಗಿ ಝಣಝಣ ಶುರುವಾಯಿತು. "ಯಾವಳ ಹತ್ರ ಗೆಜ್ಜೆ ಕಟ್ಟಿಸ್ಕೊಂಡು ಬಂದ್ರಿ?" ಅಂತ ಅತ್ತಿಗೆ ನಗಾಡುತ್ತಿದ್ದಳು.

ಈಗ ಇನ್‌ಸ್ಪೆಕ್ಟರ ಲೆಕ್ಕದಲ್ಲಿ, ಬಿಲ್ಲೆಗೊಂದು ಕಾಲಿನಂತೆ, ನಮ್ಮ ಮಿಲ್ಲು ರಾಶಿ ರಾಶಿ ಮರದ ಕಾಲು ಸಾಗಿಸಿಬಿಟ್ಟಿದೆ.

"ಇಷ್ಟೊಂದು ಕಾಲು ಯಾರಿಗಯ್ಯಾ ಹೋಯ್ತು?"

"ಇವನಿಗೇ ಸಾರ್," ಅಂದ ಗೇಟಿನವನು.

ಇನ್‌ಸ್ಪೆಕ್ಟರು ಧಣಿಯ ಮೇಜಿಗೆ ಮೊಣಕೈ ಊರಿದ. "ಇವನೇನು ಮನುಷ್ಯನೋ, ಸಾವಿರ ಕಾಲಿನ ಹುಳಾನೋ?"

ಧಣಿಗೆ ನಗು ಬರಲಿಲ್ಲ. "ಮರ ನಂದು ಸಾರ್. ದಾಸ್ತಾನಿಗೆ ವಾಪಸ್ ಹಾಕ್ಕೋತೀನಿ, ಲೆಕ್ಕ ಸರಿಹೋಗುತ್ತೆ. ಏ ಕುಂಟ, ಬಿಚ್ಚು. ನಾಳೆಯಿಂದ ಈ ಕಡೆ ತಲೆ ಹಾಕ್ಬೇಡ."

ನನಗೆ ಮೈಯೆಲ್ಲ ಉರಿದುಹೋಯಿತು. ಕಾಲು ಕಿತ್ತುಕೊಂಡರೆ ಅವನು ಮನೆಗಾದರೂ ಹೇಗೆ ಹೋಗಬೇಕು, ಕೂಲಿಗೆ ಯಾರು ಕರೆಯುತ್ತಾರೆ? ಅಣ್ಣ ಪಟ್ಟಿ ಬಿಚ್ಚಿದ. ಕಾಲನ್ನು ಕೂಸಿನ ಹಾಗೆ ಧಣಿಯ ತೊಡೆಯ ಮೇಲೆ ಮಲಗಿಸಿದ. ನನ್ನ ಹೆಗಲು ಹಿಡಿದುಕೊಂಡ.

"ಸಾರ್, ಜಾಡು ಹಿಡಿಯೋರು ನೀವು. ನನ್ನ ಸ್ವಂತ ಕಾಲು ಎಲ್ಲಿಗೆ ಹೋಯ್ತು, ಅದನ್ನೂ ಹಿಡಿದುಬಿಡಿ."

ಇನ್‌ಸ್ಪೆಕ್ಟರು ಪಿಳಿಪಿಳಿ ಕಣ್ಣು ಬಿಟ್ಟ. ನಾನು ಮಿಲ್ಲಿನ ಹೊಟ್ಟು ಗುಡಿಸುವವಳು, ನನ್ನನ್ನು ಕೇಳಬೇಕಿತ್ತು. ಕೇಳದಿದ್ದರೂ ನಾನೇ ಹೇಳಿದೆ.

"ಅವತ್ತು ಮಿಷನ್ ನಿಲ್ಲಿಸೋಕೆ ಬಿಡಲಿಲ್ಲ ಈ ಧಣಿ. ಕಾಲು ಹೊಟ್ಟಿನ ಜೊತೆ ಅರೆದುಹೋಯ್ತು. ರಕ್ತ ಬಿದ್ರೂ ಹೊಟ್ಟು ಹೊಟ್ಟೇ, ತುಂಬೇ ಮುಂಡೆ, ಅಂದ. ಆ ಮೂಟೆ ಹಲಗೆ ಫ್ಯಾಕ್ಟರಿಗೆ ಹೋಯ್ತು. ಅವರು ಹೊಟ್ಟು ಒತ್ತಿ ಹಲಗೆ ಮಾಡಿದ್ರು, ಹಲಗೇಲಿ ಮೇಜು ಮಾಡಿದ್ರು. ಮೇಜು ಧಣಿಗೇ ಬಂತು. ಇದೇ ಸಾರ್, ನೀವು ಮೊಣಕೈ ಊರಿರೋದು."

ಇನ್‌ಸ್ಪೆಕ್ಟರು ಕೆಂಡ ಮುಟ್ಟಿದವನಂತೆ ಕೈ ಎತ್ತಿದ. ಧಣಿಗೆ ಕುಡಿಯುತ್ತಿದ್ದ ಚಹಾ ನೆತ್ತಿಗೇರಿತು.

"ಮರ ನಿಮ್ಮದು, ಇಟ್ಕೊಳ್ಳಿ," ಅಂದ ಅಣ್ಣ. "ನನ್ನದು ನಾನು ತಗೊಂಡು ಹೋಗ್ತೀನಿ."

ಕುಪ್ಪಳಿಸಿ ಮೇಜಿನ ಮೇಲೆ ಕೂತ. ದಿಮ್ಮಿ ಹೊರುವ ನಾಲ್ವರು ಬಾಗಿಲಲ್ಲೇ ಕೇಳುತ್ತಾ ನಿಂತಿದ್ದವರು ಒಳಗೆ ಬಂದರು, ಅಣ್ಣನ ಸಮೇತ ಮೇಜನ್ನು ಹೆಗಲಿಗೆತ್ತಿಕೊಂಡರು. "ಇಳಿಸ್ರೋ ಲೋಫರ್ ನನ್ಮಕ್ಳಾ," ಅಂತ ಧಣಿ ಮರದ ಕಾಲು ಬೀಸುತ್ತಾ ಹಿಂದೆ ಓಡಿಬಂದ. ಯಾರೂ ಇಳಿಸಲಿಲ್ಲ. ನಡುಬೀದಿಗೆ ಬಂದಿದ್ದೆವು.

"ತಂಗಿ," ಅಂದ ಅಣ್ಣ ಮೇಲಿನಿಂದ, "ಎಡಗಾಲು ತುರಿಸ್ತಾ ಇದೆ ಕಣೇ. ಆ ಮೂಲೆ ಒಂಚೂರು ಕೆರಿ."

ನಾನು ಕೈಚಾಚಿ ಮೇಜಿನ ಮೂಲೆ ಕೆರೆದೆ.