ಯಲ್ಲಪ್ಪನವರು ಹೊಲಿದ ಈಜುಡುಗೆ

ನಾಗಪುರದ ಪಕ್ಕದ ಕಾಮಠಿಯ ದಂಡಿನ ಬಜಾರಿನಲ್ಲಿ ಮೂವತ್ತು ವರ್ಷ ಬಟ್ಟೆ ಹೊಲಿದ ಯಲ್ಲಪ್ಪನವರು ಗಿರಾಕಿಯ ಮುಖ ನೋಡಿದ್ದನ್ನು ನಾನು ಕಂಡಿಲ್ಲ. ಅವರು ನೋಡುತ್ತಿದ್ದುದು ನಡಿಗೆಯನ್ನು. ಗಲ್ಲಿಯ ತುದಿಯ ಬೇವಿನ ಮರದಿಂದ ಅಂಗಡಿಯ ಮೆಟ್ಟಿಲವರೆಗೆ ನಾವು ಬರುವಷ್ಟರಲ್ಲಿ, ಮೂಗಿನ ತುದಿಗೆ ಜಾರಿದ ಕನ್ನಡಕದ ಮೇಲಿನಿಂದ ಯಾವ ಭುಜ ಇಳಿದಿದೆ, ಯಾವ ಸೊಂಟ ನೋಯುತ್ತಿದೆ, ಯಾರು ಹೊಟ್ಟೆಯನ್ನು ಒಳಗೆಳೆದುಕೊಂಡು ನಡೆಯುತ್ತಿದ್ದಾರೆ ಎಂಬುದನ್ನೆಲ್ಲ ಗ್ರಹಿಸಿ, ನಾವು ಬಾಯಿ ತೆರೆಯುವ ಮೊದಲೇ "ಬರೋಬರ್" ಎಂದು ತಲೆಯಾಡಿಸುತ್ತಿದ್ದರು. ಏನು ಸರಿ, ಯಾವುದು ಬರೋಬರ್ ಎಂದು ಕೇಳುವಂತಿರಲಿಲ್ಲ. ಬಿಸಿಲೂ ಬರೋಬರ್, ಬಸ್ಸು ತಪ್ಪಿದ್ದೂ ಬರೋಬರ್, ಇಂಗ್ಲಿಷರು ಹೋದದ್ದೂ ಬರೋಬರ್.

ಮೂಲತಃ ಗದಗಿನ ಕಡೆಯವರು. ಸೈನ್ಯದ ಪಲ್ಟಣವೊಂದರ ದರ್ಜಿಯಾಗಿ ಬಂದರು. ಪಲ್ಟಣ ಬೇರೆ ಊರಿಗೆ ಹೋಯಿತು, ಇವರು ಹೊಲಿಗೆಯಂತ್ರದೊಂದಿಗೆ ಕಾಮಠಿಯಲ್ಲಿಯೇ ಉಳಿದರು. ಆ ಪಲ್ಟಣದ ನೆನಪಾಗಿ ಒಂದು ಖಾಕಿ ಕೋಟು ಉಳಿದಿತ್ತು. ನಾಗಪುರದ ಮೇ ತಿಂಗಳಿನಲ್ಲಿ, ಕಾಗೆಗಳು ಸಹ ಕೊಕ್ಕು ತೆರೆದು ಕೂರುವ ಧಗೆಯಲ್ಲಿಯೂ, ಆ ಕೋಟನ್ನು ಅವರು ಬಿಚ್ಚಿದವರಲ್ಲ. ಅದರ ಎಡಗಡೆಯ ಕಾಲರಿನ ತುಂಬ ಗುಂಡುಸೂಜಿಗಳು, ಜೇಬಿನಲ್ಲಿ ಸೀಮೆಸುಣ್ಣ. ಬೀದಿಯಲ್ಲಿ ನಡೆಯುವಾಗಲೂ ಯಂತ್ರದ ಪೆಡಲು ತುಳಿದಂತೆ ಬಲಗಾಲನ್ನು ಒಂದು ಗುಂಜಿ ಹೆಚ್ಚಾಗಿಯೇ ಒತ್ತಿ ನಡೆಯುತ್ತಿದ್ದರು.

ಅವರ ಹೆಂಡತಿ ಲಕ್ಷ್ಮವ್ವ ಒಬ್ಬ ಸುಬೇದಾರನ ಕಥೆ ಹೇಳಿ ನಗುತ್ತಿದ್ದಳು. ಅಳತೆಗೆ ನಿಂತೊಡನೆ ಆತ ಎದೆ ಉಬ್ಬಿಸಿ, ಹೊಟ್ಟೆಯನ್ನು ಬೆನ್ನಿಗೆ ಅಂಟಿಸಿಕೊಂಡನಂತೆ. ಯಲ್ಲಪ್ಪನವರು ಟೇಪು ಕೊರಳಿಗೆ ಹಾಕಿಕೊಂಡು ಅವನ ಊರು, ಬೆಳೆ, ಎಮ್ಮೆಯ ಹಾಲು ಎಲ್ಲವನ್ನೂ ವಿಚಾರಿಸುತ್ತ ನಿಂತರು. ಎಮ್ಮೆಯ ಮಾತಿಗೆ ಸುಬೇದಾರ ಮೈಮರೆತು ಉಸಿರು ಬಿಟ್ಟ. ಟೇಪು ಸರಕ್ಕನೆ ಅವನ ಹೊಟ್ಟೆ ಸುತ್ತಿ ಬಂತು.

ನಾನು ಅವರಲ್ಲಿಗೆ ಮೊದಲ ಸಲ ಹೋದದ್ದು ಐವತ್ತನಾಲ್ಕನೆಯ ಇಸವಿಯ ಬೇಸಗೆಯಲ್ಲಿ, ಮಗಳು ಪ್ರಭಾ ಎಂಟು ತಿಂಗಳಿನವಳಿದ್ದಾಗ. ಮಲಪ್ರಭೆಯಲ್ಲಿ ಅಣ್ಣಂದಿರ ಹಿಂದೆ ಹಾರಿ ಈಜು ಕಲಿತವಳು ನಾನು. ಪುಣೆಯಲ್ಲಿ ಓದುವಾಗ ಪದಕ ಗೆದ್ದವಳು. ಮದುವೆಯಾಗಿ ನಾಗಪುರಕ್ಕೆ ಬಂದ ಮೇಲೂ, ರೈಲ್ವೆಯವರ ಈಜುಕೊಳದಲ್ಲಿ ಹೆಂಗಸರಿಗೆಂದು ಮೀಸಲಾದ ಬುಧವಾರದ ಬೆಳಗನ್ನು ತಪ್ಪಿಸಿದವಳಲ್ಲ. ಹೆರಿಗೆಯಾದ ಮೇಲೆ ಎಲ್ಲರೂ ನನ್ನನ್ನು ಪ್ರಭಾಳ ತಾಯಿ ಎಂದೇ ಕರೆದರು. ಅದು ಸುಖವೇ, ಇಲ್ಲವೆನ್ನಲಾರೆ. ಆದರೆ ಮತ್ತೆ ನೀರಿಗಿಳಿಯದಿದ್ದರೆ ಆ ಹೊಳೆಯ ಹುಡುಗಿ ಸತ್ತೇ ಹೋಗುತ್ತಾಳೆಂದು ನನಗೆ ನಿಜವಾಗಿ ಭಯವಾಗಿತ್ತು.

ಸೀತಾಬರ್ಡಿ ಪೇಟೆಯ ಅಂಗಡಿಯೊಂದರಲ್ಲಿ ಹೆಂಗಸರ ಈಜುಡುಗೆ ಕೇಳಿದರೆ, ಗಂಡಸರ ಚಡ್ಡಿ ತೋರಿಸಿ ಗೋಡೆಯ ಕಡೆ ತಿರುಗಿ ನಕ್ಕರು. ಅವರ ಮನೆ ಹಾಳಾಗ! ಕೊನೆಗೆ ಪಕ್ಕದ ಕ್ವಾರ್ಟರ್ಸಿನ ವನಜಾಕ್ಷಿ, ಕಾಮಠಿಯಲ್ಲಿ ನಮ್ಮ ಕಡೆಯ ದರ್ಜಿಯೊಬ್ಬರಿದ್ದಾರೆ, ಹಿಂದೆ ದೊರೆಸಾನಿಯರಿಗೆ ಇಂಥವನ್ನು ಹೊಲಿದು ಕೊಡುತ್ತಿದ್ದರು ಎಂದಳು.

ಅಂಗಡಿಗೆ ಹೋದೊಡನೆ ಲಕ್ಷ್ಮವ್ವ ಮಗುವನ್ನು ಎತ್ತಿಕೊಂಡಳು. ನಾನು ಬಟ್ಟೆ ಸವೆದು ಹೋಗಿದ್ದ ಪುಣೆಯ ಹಳೆಯ ಈಜುಡುಗೆಯನ್ನು ಅಳತೆಗೆಂದು ಮುಂದಿಟ್ಟೆ.

"ಇದರ ಅಳತೀಗೇ ಹೊಲೀರಿ, ಯಲ್ಲಪ್ಪನವರ. ಒಂದು ನೂಲೂ ಹೆಚ್ಚಾಗಬಾರದು."

ಹಿಂದಿನ ದಿನ ಅದು ನನ್ನ ಸೊಂಟವನ್ನೇ ದಾಟದೆ ನಿಂತಿತ್ತೆಂಬುದನ್ನು, ಬಚ್ಚಲುಮನೆಯಲ್ಲಿ ಕೂತು ನಾನು ಅತ್ತದ್ದನ್ನು, ಹೇಳಲಿಲ್ಲ. ಎರಡು ತಿಂಗಳಲ್ಲಿ ಮೊದಲಿನಂತಾಗುತ್ತೇನೆಂಬ ಹಟ. ಹಳೆಯ ಅಳತೆಯನ್ನು ಬಿಟ್ಟುಕೊಟ್ಟರೆ ಸೋತಂತೆ ಎಂಬ ಅಹಂಕಾರ.

"ಬರೋಬರ್," ಎಂದರು. ಒಮ್ಮೆ ಕೂತು ಏಳಲು ಹೇಳಿದರು. ಈಸುವಾಗ ಚಾಚಿದಂತೆ ಎರಡೂ ತೋಳು ಚಾಚಲು ಹೇಳಿದರು. ಆಮೇಲೆ ಗೋಡೆಯ ಕಡೆ ಮುಖ ತಿರುಗಿಸಿ, ನಾನು ಎರಡು ಮೊಳ ದೂರದಲ್ಲಿದ್ದರೂ ಹೆಂಡತಿಗೆ ಹೇಳಿದರು: "ಕೂಸು ಇನ್ನೂ ಹಾಲು ಕುಡೀತೈತೇನು ಕೇಳು."

ನಾನು ತಂದದ್ದು ತಿಳಿನೀಲಿ ಬಟ್ಟೆ. ಅದನ್ನು ಬೆರಳಲ್ಲಿ ಉಜ್ಜಿ ಮರಳಿ ಕೊಟ್ಟರು. "ತಿಳಿ ಬಣ್ಣ ತೊಯ್ದರ ಮಾತಾಡತೈತಿ, ಬಾಯಾರ. ಗಾಢ ಬಣ್ಣ ಸುಮ್ಮನಿರತೈತಿ." ತಮ್ಮಲ್ಲಿಯೇ ಇದ್ದ ಕಡುನೀಲಿ ಹತ್ತಿಬಟ್ಟೆಯನ್ನು ತೆಗೆದು, ಬಕೆಟಿನ ನೀರಿನಲ್ಲಿ ಮುಳುಗಿಸಿಟ್ಟರು. ನೀರು ಕುಡಿದು ಕುಗ್ಗುವಷ್ಟು ಕುಗ್ಗಲಿ ಎಂದು ಒಂದು ದಿನ ಬಿಡದೆ ಅವರು ಯಾವ ಬಟ್ಟೆಗೂ ಕತ್ತರಿ ಇಟ್ಟವರಲ್ಲ.

ಎಂಟು ದಿನಕ್ಕೆ ಹೊಲಿದು ಕೊಟ್ಟರು. ಎರಡು ಪದರದ ಬಟ್ಟೆ, ಒದ್ದೆಯಾದರೂ ಮೈ ಕಾಣದು. ಹೊಟ್ಟೆಯ ಮೇಲೆ ಅಡ್ಡಡ್ಡ ಸಣ್ಣ ನೆರಿಗೆಗಳು. ತೊಡೆಯ ಮೇಲೆ ಗೇಣುದ್ದದ ಲಂಗದ ಅಂಚು. ಅಗಲ ಪಟ್ಟಿಯ ಎರಡು ಭುಜಗಳಲ್ಲಿ ಸಿಪಾಯಿಯ ಅಂಗಿಗಿದ್ದಂಥ ಗುಂಡಿಗಳು. ಮನೆಯಲ್ಲಿ ತೊಟ್ಟೆ. ಸಲೀಸಾಗಿ ಮೈಗೆ ಕೂತಿತು! ನೋಡಿದಿರಾ, ನನ್ನ ಮೈ ಇಳಿದೇಬಿಟ್ಟಿತು ಎಂದು ನಮ್ಮವರ ಮುಂದೆ ಜಂಭ ಕೊಚ್ಚಿಕೊಂಡೆ. ಅವರು ಪೇಪರಿನಿಂದ ತಲೆಯೆತ್ತಿ, "ಛಲೋ ಕಾಣ್ತದ," ಎಂದರು.

ಬುಧವಾರ ಕೊಳಕ್ಕೆ ಹೋದೆ. ಟವೆಲು ತೆಗೆದಿಡುವ ಮೊದಲು ಸುತ್ತ ಯಾರಿದ್ದಾರೆಂದು ನೋಡಿಕೊಂಡೆ, ನಿಜ. ಆದರೆ ನೀರು ಎದೆಯವರೆಗೆ ಏರಿ, ಕಾಲು ತಾನಾಗಿ ನೆಲ ಬಿಟ್ಟಾಗ, ಏನೆಂದು ಹೇಳಲಿ, ಬಹುದಿನದ ಮೇಲೆ ತವರಿನವರು ಹೆಸರು ಹಿಡಿದು ಕೂಗಿದಂತಾಯಿತು. ಎಲ್ಲಿಯೂ ಬಿಗಿಯಲಿಲ್ಲ, ಎಲ್ಲಿಯೂ ಜಾರಲಿಲ್ಲ, ಒಮ್ಮೆಯೂ ಎಳೆದು ಸರಿಮಾಡಿಕೊಳ್ಳಬೇಕೆನಿಸಲಿಲ್ಲ. ನಡುವೆ ಪ್ರಭಾ ಅತ್ತಳು. ದಡದಲ್ಲಿ ಕೂತು ಒಂದು ಭುಜದ ಗುಂಡಿ ಬಿಚ್ಚಿ ಹಾಲೂಡಿಸಿ, ಮತ್ತೆ ಹಾಕಿಕೊಂಡು ನೀರಿಗಿಳಿದೆ. ಆ ಗುಂಡಿಗಳು ಯಾತಕ್ಕೆಂದು ಆಗ ತಿಳಿಯಿತು.

ಮೂರನೆಯ ವಾರ, ಹಳೆಯದನ್ನೂ ಒಗೆದು ತೆಗೆದಿಡೋಣವೆಂದು ಎರಡನ್ನೂ ಒಂದೇ ತಂತಿಗೆ ಹಾಕಿದೆ. ಹೊಸದು ಹಳೆಯದಕ್ಕಿಂತ ನಾಲ್ಕು ಬೆರಳು ಅಗಲವಾಗಿತ್ತು. ನಾನು ಎಳ್ಳಷ್ಟೂ ಇಳಿದಿರಲಿಲ್ಲ. ಮೈಯೆಲ್ಲ ಉರಿಯಿತು, ಆ ಬಿಸಿಲಿನಲ್ಲಿಯೇ ಮಗುವನ್ನೆತ್ತಿಕೊಂಡು ಕಾಮಠಿಯ ಬಸ್ಸು ಹತ್ತಿದೆ.

"ನಾ ಏನ್ ಹೇಳಿದ್ದೆ, ನೀವೇನ್ ಮಾಡೀರಿ? ನನಗ ಮೋಸ ಮಾಡಿದ್ರಿ!"

ಯಂತ್ರ ನಿಂತಿತು. ಯಲ್ಲಪ್ಪನವರು ಸೂಜಿಯ ಕೆಳಗಿನ ಬಟ್ಟೆಯನ್ನೇ ನೋಡುತ್ತ ಹೇಳಿದರು: "ಅಳತೀ ಬಟ್ಟಿ ಹಿಂದಿನ ಯಾವದೋ ವರ್ಷದ್ದು, ಬಾಯಾರ. ನೀವು ಬಂದದ್ದು ಈ ವರ್ಷ." ದಾರ ಕತ್ತರಿಸಿ, "ಮುಂದ ಸಡ್ಲಾದ್ರ ತರ್ರಿ, ಒಳಗ ಹಿಡದು ಕೊಡತೇನಿ. ಈಸಿದ್ರಿಲ್ಲೋ?"

"ಈಸಿದೆ," ಎಂದೆ. ಅಳು ಬಂತು. ಲಕ್ಷ್ಮವ್ವ ಸೆರಗಿನಿಂದ ನನ್ನ ಮುಖ ಒರೆಸಿ, "ಹುಚ್ಚೀ, ಕೂಸು ಹಡದ ಮೈ ಐತಿ ಅದು. ಬಚ್ಚಿಡಾಕ ಕಳವಿನ ಮಾಲೇನು?" ಎಂದಳು. ಯಂತ್ರ ಮತ್ತೆ ಓಡತೊಡಗಿತು.

ನಮ್ಮನ್ನು ತಿದ್ದಲು ಹೊರಟವರಿಗೆ ಲೋಕದಲ್ಲಿ ಬರವಿಲ್ಲ. ಹೊಗಳಿ ಹೊಟ್ಟೆ ತುಂಬಿಸುವವರಿಗೂ ಇಲ್ಲ. ಆದರೆ ನಾವು ಇರುವಂತೆಯೇ ನಮ್ಮನ್ನು ಕಂಡು, ಕಂಡದ್ದನ್ನು ನಾಲಗೆಗೆ ತಾರದೆ, ನಮ್ಮ ಹಟಕ್ಕೂ ಹ್ಞೂಂಗುಟ್ಟಿ, ಬೇಕಾದಷ್ಟು ಜಾಗವನ್ನು ಸದ್ದಿಲ್ಲದೆ ಬಿಟ್ಟುಕೊಡುವ ಜನ ವಿರಳ. ಅವರ ಉಪಕಾರ ನಮಗೆ ಅರ್ಥವಾಗುವುದು ತಡವಾಗಿ; ಕೃತಜ್ಞತೆ ಹೇಳಲು ಹೋದರೆ, ಅಷ್ಟರಲ್ಲಿ ಅವರು ಇನ್ನಾರದೋ ಬಟ್ಟೆಯ ಮೇಲೆ ಬಗ್ಗಿ, ಗಿರಾಕಿ ಕೇಳಿದ್ದಕ್ಕಿಂತ ತುಸು ಆಚೆಗೆ ಸೀಮೆಸುಣ್ಣದ ಗೆರೆ ಎಳೆಯುತ್ತಿರುತ್ತಾರೆ.